ಒಂದೇ ಅಕ್ಷರ, ನಾಲ್ಕು ವಿಳಾಸ: ಜಾರ್ಜಿಯಾದ ‘ಆನ್’ ಗಣಕ ಸೇರಿದ ಬಗೆ

ಕಪ್ಪು ಸಮುದ್ರದ ಪೂರ್ವ ತೀರದಲ್ಲಿ, ಕಾಕಸಸ್ ಪರ್ವತಶ್ರೇಣಿಯ ತಪ್ಪಲಿನಲ್ಲಿರುವ ಪುಟ್ಟ ದೇಶ ಜಾರ್ಜಿಯಾ. ಅಲ್ಲಿನ ಒಟ್ಟು ಜನಸಂಖ್ಯೆ ನಮ್ಮ ಬೆಂಗಳೂರು ನಗರವೊಂದರ ಜನಸಂಖ್ಯೆಯ ಅರ್ಧದಷ್ಟೂ ಇಲ್ಲ. ಆದರೆ ಆ ದೇಶದ ಭಾಷೆಗೆ ಬೇರಾವ ಭಾಷೆಯಿಂದಲೂ ಎರವಲು ಪಡೆಯದ, ತನ್ನದೇ ಆದ ಲಿಪಿಯಿದೆ. ಆ ಲಿಪಿಯ ಮೊದಲ ಅಕ್ಷರದ ಹೆಸರು ‘ಆನ್’. ಎರಡನೆಯದು ‘ಬಾನ್’. ಇವೆರಡೂ ಸೇರಿ ಜಾರ್ಜಿಯನ್ ಭಾಷೆಯಲ್ಲಿ ವರ್ಣಮಾಲೆಗೆ ‘ಆನ್‌ಬಾನಿ’ ಎಂಬ ಹೆಸರು ಬಂದಿದೆ. ನಾವು ‘ಅಆಇಈ’ ಎನ್ನುವಂತೆ ಅವರು ‘ಆನ್‌ಬಾನಿ’ ಎನ್ನುತ್ತಾರೆ.

ಈ ‘ಆನ್’ ಅಕ್ಷರಕ್ಕೆ ಇಂದು ಗಣಕದ ಲೋಕದಲ್ಲಿ ಒಂದಲ್ಲ, ನಾಲ್ಕು ಸಂಖ್ಯೆಗಳಿವೆ. ದಶಮಾನ ಲೆಕ್ಕದಲ್ಲಿ ಹೇಳುವುದಾದರೆ 4256, 4304, 11520 ಮತ್ತು 7312. ಮೊದಲ ಎರಡು ಸಂಖ್ಯೆಗಳು ದೊರೆತದ್ದು 1991ರಲ್ಲಿ. ಮೂರನೆಯದು 2005ರಲ್ಲಿ. ನಾಲ್ಕನೆಯದು 2018ರಲ್ಲಿ. ಶಾಲೆಯಲ್ಲಿ ಮಗು ಕಲಿಯುವ ಒಂದು ಸ್ವರಾಕ್ಷರಕ್ಕೆ ನಾಲ್ಕು ಸಂಖ್ಯೆ ಏಕೆ? ಅದನ್ನು ಪಡೆಯಲು 27 ವರ್ಷಗಳು ಏಕೆ ಹಿಡಿದವು? ಈ ಪ್ರಶ್ನೆಗಳ ಉತ್ತರದಲ್ಲಿ, ಸಣ್ಣ ಭಾಷೆಗಳ ಬರವಣಿಗೆ ಗಣಕದಲ್ಲಿ ಉಳಿಯುವುದು ಯಾವ ತೀರ್ಮಾನಗಳ ಮೇಲೆ ಎಂಬ ಸಂಗತಿ ಅಡಗಿದೆ. ಕನ್ನಡಿಗರಿಗೂ ಅದು ದೂರದ ವಿಷಯವೇನಲ್ಲ.

ಗಣಕಕ್ಕೆ ಗೊತ್ತಿರುವುದು ಅಂಕೆ ಮಾತ್ರ

ಗಣಕಯಂತ್ರ ಅಕ್ಷರವನ್ನು ಅಕ್ಷರವಾಗಿ ಅರಿಯದು. ಅದಕ್ಕೆ ತಿಳಿದಿರುವುದು ಅಂಕೆ ಮಾತ್ರ. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದೊಂದು ಅಂಕೆಯನ್ನು ನಿಗದಿಪಡಿಸಿ, ಬರೆಯುವವರೂ ಓದುವವರೂ ಅದೇ ಪಟ್ಟಿಯನ್ನು ಬಳಸುವಂತೆ ಮಾಡಬೇಕಾಗುತ್ತದೆ. ಈ ಏರ್ಪಾಡಿಗೆ ಸಂಕೇತೀಕರಣ ಎಂದು ಹೆಸರು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ ಇರಬೇಕೆಂಬ ಉದ್ದೇಶದಿಂದ ರೂಪುಗೊಂಡದ್ದೇ ಯೂನಿಕೋಡ್. ಅದರ ಮೊದಲ ಆವೃತ್ತಿ 1991ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಕನ್ನಡ ಮತ್ತು ಜಾರ್ಜಿಯನ್ ಎರಡೂ ಲಿಪಿಗಳು ಆ ಮೊದಲ ಆವೃತ್ತಿಯಲ್ಲೇ ಸ್ಥಾನ ಪಡೆದವು.

ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ‘ಅ’ ಅಕ್ಷರದ ಸಂಖ್ಯೆ 3205. ಜಾರ್ಜಿಯನ್ನರು ದಿನನಿತ್ಯ ಬಳಸುವ ‘ಆನ್’ ಅಕ್ಷರದ ಸಂಖ್ಯೆ 4304. ಅಂತರಜಾಲದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಈ ಎರಡೂ ಅಕ್ಷರಗಳಿಗೆ ತಲಾ ಮೂರು ಬೈಟ್‌ಗಳ ಜಾಗ ಬೇಕು. 4304 ಎಂಬ ಸಂಖ್ಯೆ 225, 131, 144 ಎಂಬ ಮೂರು ತುಂಡುಗಳಾಗಿ ತಂತಿಯಲ್ಲಿ ಸಾಗುತ್ತದೆ. ಪಡೆದ ಕಡೆಯಲ್ಲಿ ಆ ಮೂರೂ ಕೂಡಿ ಮತ್ತೆ 4304 ಆಗುತ್ತವೆ. ಬಳಿಕ ಅಕ್ಷರಶೈಲಿ, ಅಂದರೆ ಫಾಂಟ್, ಆ ಸಂಖ್ಯೆಗೆ ತಕ್ಕ ಆಕಾರವನ್ನು ಪರದೆಯ ಮೇಲೆ ಬಿಡಿಸುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸಂಖ್ಯೆ ಅಕ್ಷರಕ್ಕೆ ಸಲ್ಲುವಂಥದ್ದು, ಆಕಾರ ಫಾಂಟಿಗೆ ಸಲ್ಲುವಂಥದ್ದು. ‘ಅ’ವನ್ನು ದಪ್ಪಗೆ ಬರೆದರೂ ತೆಳ್ಳಗೆ ಬರೆದರೂ, ಓರೆಯಾಗಿ ಬರೆದರೂ ಅದು ‘ಅ’ವೇ. ಅದಕ್ಕೆ ಹೊಸ ಸಂಖ್ಯೆ ಬೇಕಿಲ್ಲ. ಈ ನಿಯಮ ಕೇಳಲು ಸರಳವಾಗಿದೆ. ಆದರೆ ಎರಡು ಆಕಾರಗಳು ಒಂದೇ ಅಕ್ಷರದ ಎರಡು ಉಡುಪುಗಳೋ ಅಥವಾ ಎರಡು ಬೇರೆ ಅಕ್ಷರಗಳೋ ಎಂಬುದನ್ನು ತೀರ್ಮಾನಿಸುವುದು ಹೇಗೆ? ಜಾರ್ಜಿಯನ್ ಲಿಪಿಯಲ್ಲಿ ಎದುರಾದ ತೊಡಕು ಇದೇ.

ಮೂರು ಲಿಪಿ, ಒಂದೇ ವರ್ಣಮಾಲೆ

ಜಾರ್ಜಿಯನ್ ಬರವಣಿಗೆಯ ಇತಿಹಾಸದಲ್ಲಿ ಮೂರು ಹಂತಗಳಿವೆ. ಮೊದಲನೆಯದು ‘ಅಸೊಮ್ತಾವ್ರುಲಿ’. ವೃತ್ತ ಮತ್ತು ನೇರ ರೇಖೆಗಳಿಂದ ಕೂಡಿದ, ಒಂದೇ ಎತ್ತರದ ದೊಡ್ಡ ಅಕ್ಷರಗಳಿವು. ಟಿಬಿಲಿಸಿಯ ದಕ್ಷಿಣಕ್ಕಿರುವ ಬೋಲ್ನಿಸಿಯ ಸಿಯೋನಿ ಚರ್ಚಿನಲ್ಲಿ ಐದನೆಯ ಶತಮಾನದ ಕೊನೆಯ ಭಾಗದ ಶಾಸನವೊಂದು ಈ ಲಿಪಿಯಲ್ಲಿದೆ. ನಮ್ಮ ಹಲ್ಮಿಡಿ ಶಾಸನವೂ ಅದೇ ಶತಮಾನಕ್ಕೆ ಸೇರಿದ್ದೆಂಬುದು ಕನ್ನಡಿಗರಿಗೆ ಕುತೂಹಲ ಮೂಡಿಸಬಲ್ಲ ಸಂಗತಿ.

ಎರಡನೆಯದು ‘ನುಸ್ಖುರಿ’. ಒಂಬತ್ತನೆಯ ಶತಮಾನದ ವೇಳೆಗೆ ಕಾಣಿಸಿಕೊಂಡ ಈ ರೂಪ ಕೋನಗಳಿಂದ ಕೂಡಿದ್ದು, ಓರೆಯಾಗಿದ್ದು, ಹಸ್ತಪ್ರತಿಗಳಲ್ಲಿ ಬೇಗ ಬರೆಯಲು ಅನುಕೂಲವಾಗಿತ್ತು. ಧರ್ಮಗ್ರಂಥಗಳಲ್ಲಿ ಅಸೊಮ್ತಾವ್ರುಲಿಯನ್ನು ಆರಂಭದ ದೊಡ್ಡ ಅಕ್ಷರಗಳಿಗೂ ನುಸ್ಖುರಿಯನ್ನು ಉಳಿದ ಪಠ್ಯಕ್ಕೂ ಬಳಸುವ ರೂಢಿ ಬೆಳೆಯಿತು. ಈ ಜೋಡಿಗೆ ‘ಖುತ್ಸುರಿ’, ಅಂದರೆ ಪಾದ್ರಿಗಳ ಬರಹ ಎಂಬ ಹೆಸರಿದೆ.

ಮೂರನೆಯದು ‘ಮ್ಖೆದ್ರುಲಿ’. ಮ್ಖೆದಾರಿ ಎಂದರೆ ಕುದುರೆ ಸವಾರ, ಯೋಧ. ಅರಮನೆ, ಆಡಳಿತ ಮತ್ತು ಲೌಕಿಕ ವ್ಯವಹಾರಗಳಲ್ಲಿ ಬೆಳೆದ, ದುಂಡಗಿನ ತಿರುವುಗಳುಳ್ಳ ಈ ಲಿಪಿಯೇ ಇಂದು ಜಾರ್ಜಿಯಾದ ಶಾಲೆ, ಕಚೇರಿ, ಪತ್ರಿಕೆ, ಅಂಗಡಿ ಫಲಕಗಳಲ್ಲೆಲ್ಲ ಇರುವುದು. ಯಾಕೋಬ್ ಗೋಗೆಬಾಶ್ವಿಲಿ 1876ರಲ್ಲಿ ಪ್ರಕಟಿಸಿದ ‘ದೆದಾ ಎನಾ’, ಅಂದರೆ ‘ತಾಯಿನುಡಿ’, ಎಂಬ ಬಾಲಬೋಧೆಯಿಂದ ತಲೆಮಾರುಗಳ ಮಕ್ಕಳು ಅಕ್ಷರ ಕಲಿತದ್ದೂ ಈ ಲಿಪಿಯಲ್ಲಿಯೇ.

ಮೂರೂ ರೂಪಗಳಲ್ಲಿ ‘ಆನ್’ ಮೊದಲ ಅಕ್ಷರವೇ, ಅದರ ಧ್ವನಿಯೂ ಒಂದೇ. ಆದರೆ ಆಕಾರಗಳು ಒಂದನ್ನೊಂದು ಹೋಲುವುದಿಲ್ಲ. ಮ್ಖೆದ್ರುಲಿ ಮಾತ್ರ ಕಲಿತ ಜಾರ್ಜಿಯನ್ ಓದುಗ ನುಸ್ಖುರಿಯ ಹಸ್ತಪ್ರತಿಯನ್ನು ತರಬೇತಿಯಿಲ್ಲದೆ ಓದಲಾರ. ಹಾಗೆಂದು ಹಳೆಯ ಎರಡು ರೂಪಗಳು ಸತ್ತಿಲ್ಲ. ಜಾರ್ಜಿಯಾದ ಸಾಂಪ್ರದಾಯಿಕ ಕ್ರೈಸ್ತ ಚರ್ಚು ಅವನ್ನು ಇಂದಿಗೂ ಬಳಸುತ್ತದೆ. ಈ ಮೂರು ಲಿಪಿಗಳ ಜೀವಂತ ಸಂಸ್ಕೃತಿಯನ್ನು ಯುನೆಸ್ಕೋ 2016ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಲಿಪಿಯ ಬಗೆಗಿನ ಈ ಅಭಿಮಾನಕ್ಕೆ ರಾಜಕೀಯ ಹಿನ್ನೆಲೆಯೂ ಇದೆ. ಸೋವಿಯತ್ ಆಡಳಿತದಲ್ಲಿ ಅನೇಕ ಭಾಷೆಗಳು ತಮ್ಮ ಲಿಪಿಯನ್ನು ಬಿಟ್ಟು ಮೊದಲು ಲ್ಯಾಟಿನ್‌ಗೆ, ಬಳಿಕ ಸಿರಿಲಿಕ್‌ಗೆ ಬದಲಾಗಬೇಕಾಯಿತು. ಜಾರ್ಜಿಯನ್ ಮತ್ತು ಅರ್ಮೇನಿಯನ್ ಭಾಷೆಗಳು ತಮ್ಮ ಲಿಪಿಯನ್ನು ಉಳಿಸಿಕೊಂಡವು. 1978ರಲ್ಲಿ ಜಾರ್ಜಿಯನ್ ಭಾಷೆಯ ರಾಜ್ಯಭಾಷೆಯ ಸ್ಥಾನವನ್ನು ಸಂವಿಧಾನದಿಂದ ತೆಗೆಯಲು ಹೊರಟಾಗ ಟಿಬಿಲಿಸಿಯ ಬೀದಿಗಳಲ್ಲಿ ವಿದ್ಯಾರ್ಥಿಗಳೂ ಜನರೂ ಪ್ರತಿಭಟಿಸಿದರು. ಸರ್ಕಾರ ಹಿಂದೆ ಸರಿಯಿತು. ಆ ಏಪ್ರಿಲ್ 14ನೇ ದಿನವನ್ನು ಅಲ್ಲಿ ಭಾಷಾ ದಿನವಾಗಿ ಆಚರಿಸಲಾಗುತ್ತದೆ. ಇಂಥ ಜನರಿಗೆ ಗಣಕದಲ್ಲಿ ಅಕ್ಷರದ ಸ್ಥಾನ ಕೇವಲ ತಾಂತ್ರಿಕ ಸಂಗತಿಯಾಗಿರಲಿಲ್ಲ.

ಯೂನಿಕೋಡ್ ಬಳಕೆಗೆ ಮುನ್ನ

ಯೂನಿಕೋಡ್ ಎಲ್ಲೆಡೆ ಬಳಕೆಗೆ ಬರುವ ಮುನ್ನ ಜಾರ್ಜಿಯಾದಲ್ಲಿ ನಡೆದದ್ದು ಕರ್ನಾಟಕದಲ್ಲಿ ನಡೆದದ್ದಕ್ಕಿಂತ ಬೇರೆಯಲ್ಲ. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಜಾರ್ಜಿಯನ್ ಆಕಾರಗಳನ್ನು ಕೂರಿಸಿದ ಫಾಂಟುಗಳು ಬಂದವು. ‘ಅಕಾಡ್‌ನುಸ್ಖ್’ ಎಂಬ ಫಾಂಟ್ ಅವುಗಳಲ್ಲಿ ಹೆಸರುವಾಸಿ. ಬೆರಳಚ್ಚು ಮಾಡಿದವರ ಪರದೆಯ ಮೇಲೆ ಜಾರ್ಜಿಯನ್ ಅಕ್ಷರಗಳೇ ಕಾಣುತ್ತಿದ್ದವು. ಆದರೆ ಕಡತದೊಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ. ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತಿತ್ತು. ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಕಡತಗಳನ್ನು ಬೇರೆ ಗಣಕದಲ್ಲಿ ತೆರೆದು ಪೇಚಾಡಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೀಲಿಮಣೆಯಲ್ಲೂ ಸಾಮ್ಯವಿದೆ. ಜಾರ್ಜಿಯನ್ ಭಾಷೆಯಲ್ಲಿ 33 ಅಕ್ಷರಗಳಿವೆ, ಇಂಗ್ಲಿಷ್ ಕೀಲಿಮಣೆಯಲ್ಲಿರುವುದು 26. ಉಳಿದ ಏಳು ಅಕ್ಷರಗಳನ್ನು ಶಿಫ್ಟ್ ಕೀಲಿಗೆ ವಹಿಸಲಾಯಿತು. ‘ಟಿ’ ಕೀಲಿ ಒತ್ತಿದರೆ ಒಂದು ಬಗೆಯ ತಕಾರ, ಶಿಫ್ಟ್ ಜೊತೆ ಒತ್ತಿದರೆ ಮಹಾಪ್ರಾಣದಂತೆ ಉಸಿರು ಬೆರೆತ ಇನ್ನೊಂದು ತಕಾರ. ಕೆ. ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ‘ಕೆ’ ಒತ್ತಿದರೆ ‘ಕ’, ಶಿಫ್ಟ್ ಜೊತೆ ಒತ್ತಿದರೆ ‘ಖ’ ಬರುವುದನ್ನು ಇಲ್ಲಿ ನೆನೆಯಬಹುದು. ಎರಡೂ ಭಾಷೆಗಳಲ್ಲಿ ಇದು ಸಾಧ್ಯವಾದದ್ದು ಒಂದೇ ಕಾರಣದಿಂದ. ಇಂಗ್ಲಿಷಿನಲ್ಲಿರುವಂತೆ ವಾಕ್ಯದ ಆರಂಭಕ್ಕೂ ಹೆಸರುಗಳ ಮೊದಲಿಗೂ ಬೇರೆ ‘ದೊಡ್ಡ’ ಅಕ್ಷರ ಬರೆಯುವ ಪದ್ಧತಿ ಕನ್ನಡದಲ್ಲೂ ಇಲ್ಲ, ಜಾರ್ಜಿಯನ್‌ನಲ್ಲೂ ಇಲ್ಲ. ಮುಂದೆ ಎದ್ದ ಗೊಂದಲಕ್ಕೆ ಈ ಅಂಶ ಮುಖ್ಯವಾಗುತ್ತದೆ.

ಮೊಬೈಲ್ ಫೋನುಗಳಲ್ಲಿ ಇನ್ನೊಂದು ಒತ್ತಡವಿತ್ತು. ಒಂದು ಎಸ್ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ, ಯೂನಿಕೋಡ್ ಲಿಪಿಗಳಲ್ಲಿ ಹಿಡಿಸುವುದು 70 ಮಾತ್ರ. ತಾಯಿನುಡಿಯಲ್ಲಿ ಬರೆದರೆ ಹೆಚ್ಚು ಖರ್ಚು ಎಂಬಂತಾದಾಗ ಜನ ಇಂಗ್ಲಿಷ್ ಲಿಪಿಯಲ್ಲೇ ತಮ್ಮ ಭಾಷೆಯನ್ನು ಬರೆಯತೊಡಗಿದರು. ‘ನಮಸ್ಕಾರ’ವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸುವ ಅಭ್ಯಾಸ ನಮ್ಮಲ್ಲೂ ಹಾಗೆಯೇ ಬೆಳೆಯಿತು.

1991ರ ತೀರ್ಮಾನ, 2005ರ ತಿದ್ದುಪಡಿ

ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ‘ಆನ್’ಗೆ ಎರಡು ಸಂಖ್ಯೆಗಳು ದೊರೆತವು. ಅಸೊಮ್ತಾವ್ರುಲಿಯ ‘ಆನ್’ಗೆ 4256, ಮ್ಖೆದ್ರುಲಿಯ ‘ಆನ್’ಗೆ 4304. ನುಸ್ಖುರಿಗೆ ಪ್ರತ್ಯೇಕ ಸ್ಥಾನ ಸಿಗಲಿಲ್ಲ. ನುಸ್ಖುರಿಯು ಮ್ಖೆದ್ರುಲಿಯ ಇನ್ನೊಂದು ಉಡುಪು ಮಾತ್ರ, ಬೇಕಾದವರು ಫಾಂಟ್ ಬದಲಿಸಿಕೊಳ್ಳಲಿ ಎಂಬುದು ಆಗಿನ ನಿಲುವಾಗಿತ್ತು.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹಸ್ತಪ್ರತಿ ತಜ್ಞರೊಬ್ಬರು ಹಳೆಯ ಸುವಾರ್ತೆಯೊಂದನ್ನು ಸಂಪಾದಿಸುತ್ತಿದ್ದಾರೆ ಎಂದುಕೊಳ್ಳಿ. ಮೂಲ ಪಠ್ಯ ನುಸ್ಖುರಿಯಲ್ಲಿದೆ. ಅದರ ಕೆಳಗೆ ಆಧುನಿಕ ಓದುಗರಿಗಾಗಿ ಮ್ಖೆದ್ರುಲಿಯಲ್ಲಿ ಟಿಪ್ಪಣಿ ಇದೆ. ಎರಡಕ್ಕೂ ಸಂಖ್ಯೆ ಒಂದೇ, ಫಾಂಟ್ ಮಾತ್ರ ಬೇರೆ. ಈ ಕಡತವನ್ನು ಇ-ಮೇಲ್‌ನಲ್ಲಿ ಸರಳ ಪಠ್ಯವಾಗಿ ಕಳುಹಿಸಿದ ಕೂಡಲೇ ಫಾಂಟಿನ ಮಾಹಿತಿ ಕಳಚಿಬೀಳುತ್ತದೆ. ಮೂಲ ಯಾವುದು, ಟಿಪ್ಪಣಿ ಯಾವುದು ಎಂಬ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಮೂರು ಲಿಪಿಗಳನ್ನೂ ಅಕ್ಕಪಕ್ಕ ತೋರಿಸುವ ಪಠ್ಯಪುಸ್ತಕದ ಕೋಷ್ಟಕದಲ್ಲಿ ಎರಡು ಕಂಬಸಾಲುಗಳು ಒಂದೇ ಆಗಿಬಿಡುತ್ತವೆ. ಗ್ರಂಥಾಲಯದ ಸೂಚಿಯಲ್ಲಿ ಶೀರ್ಷಿಕೆ ಯಾವ ಲಿಪಿಯಲ್ಲಿತ್ತು ಎಂದು ದಾಖಲಿಸಲೂ ಆಗುವುದಿಲ್ಲ.

2005ರಲ್ಲಿ ಹೊರಬಂದ ಯೂನಿಕೋಡ್ 4.1 ಆವೃತ್ತಿ ಈ ನಿಲುವನ್ನು ಬದಲಿಸಿತು. ನುಸ್ಖುರಿಗೆ ಪ್ರತ್ಯೇಕ ವಿಭಾಗ ದೊರೆತು, ಅದರ ‘ಆನ್’ 11520ನೇ ಸಂಖ್ಯೆಯಲ್ಲಿ ನೆಲೆಗೊಂಡಿತು. ಅಸೊಮ್ತಾವ್ರುಲಿ ಮತ್ತು ನುಸ್ಖುರಿಗಳನ್ನು ದೊಡ್ಡ ಅಕ್ಷರ ಹಾಗೂ ಸಣ್ಣ ಅಕ್ಷರಗಳ ಜೋಡಿಯಾಗಿ ಗುರುತಿಸಲಾಯಿತು. ಧರ್ಮಗ್ರಂಥಗಳ ಹಳೆಯ ರೂಢಿಯನ್ನೇ ಗಣಕವೂ ಒಪ್ಪಿಕೊಂಡಂತಾಯಿತು. ಇದಕ್ಕೆ ಹಿಡಿದದ್ದು 14 ವರ್ಷ.

ಶೀರ್ಷಿಕೆಯ ಅಕ್ಷರಗಳು

ಇಷ್ಟಕ್ಕೇ ಮುಗಿಯಲಿಲ್ಲ. ಮ್ಖೆದ್ರುಲಿಯಲ್ಲಿ ದೊಡ್ಡ ಅಕ್ಷರಗಳಿಲ್ಲ ಎಂದೆವಷ್ಟೆ. ಆದರೆ ಪತ್ರಿಕೆಗಳ ಶೀರ್ಷಿಕೆ, ಪುಸ್ತಕದ ಮುಖಪುಟ, ಅಂಗಡಿಯ ಫಲಕಗಳಲ್ಲಿ ಜಾರ್ಜಿಯನ್ನರು ಬೇರೊಂದು ರೂಪವನ್ನು ಬಳಸುತ್ತಾರೆ. ಸಾಮಾನ್ಯ ಮ್ಖೆದ್ರುಲಿಯಲ್ಲಿ ಕೆಲವು ಅಕ್ಷರಗಳು ಮೇಲಕ್ಕೆ ಚಾಚುತ್ತವೆ, ಕೆಲವು ಸಾಲಿನ ಕೆಳಗೆ ಇಳಿಯುತ್ತವೆ. ಶೀರ್ಷಿಕೆಯ ರೂಪದಲ್ಲಿ ಎಲ್ಲವೂ ಒಂದೇ ಎತ್ತರಕ್ಕೆ ಬಂದು ಸಾಲಿನ ಮೇಲೆ ನೆಟ್ಟಗೆ ನಿಲ್ಲುತ್ತವೆ. ಇದಕ್ಕೆ ‘ಮ್ತಾವ್ರುಲಿ’ ಎಂದು ಹೆಸರು. ಒಂದು ಪದವನ್ನು ಮ್ತಾವ್ರುಲಿಯಲ್ಲಿ ಬರೆದರೆ ಇಡೀ ಪದವನ್ನೇ ಹಾಗೆ ಬರೆಯಬೇಕು. ಮೊದಲ ಅಕ್ಷರವನ್ನು ಮಾತ್ರ ಮ್ತಾವ್ರುಲಿಯಲ್ಲಿ ಬರೆದು ಉಳಿದುದನ್ನು ಸಾಮಾನ್ಯ ರೂಪದಲ್ಲಿ ಬರೆಯುವುದು ಜಾರ್ಜಿಯನ್ ಓದುಗರ ಕಣ್ಣಿಗೆ ತಪ್ಪು.

ವಾಕ್ಯಾರಂಭಕ್ಕೆ ದೊಡ್ಡ ಅಕ್ಷರ ತರುವ ಯತ್ನವೂ ಒಮ್ಮೆ ನಡೆದಿತ್ತು. ಭಾಷಾವಿಜ್ಞಾನಿ ಅಕಾಕಿ ಶಾನಿದ್ಜೆ ಅವರು 1950ರ ದಶಕದಲ್ಲಿ ಪ್ರಾಚೀನ ಅಸೊಮ್ತಾವ್ರುಲಿ ಅಕ್ಷರಗಳನ್ನು ವಾಕ್ಯದ ಮೊದಲಿಗೆ ಬಳಸುವ ಪದ್ಧತಿ ತರಲು ಯತ್ನಿಸಿದರು. ಜನ ಅದನ್ನು ಸ್ವೀಕರಿಸಲಿಲ್ಲ.

ಮ್ತಾವ್ರುಲಿ ಬೇರೆ ಅಕ್ಷರವೋ ಅಥವಾ ಬರೀ ಅಲಂಕಾರವೋ? ಬಹುಕಾಲ ಯೂನಿಕೋಡ್ ಅದನ್ನು ಫಾಂಟಿನ ವಿಷಯವೆಂದೇ ಪರಿಗಣಿಸಿತ್ತು. ಅಕ್ಷರ ಸಂಕೇತೀಕರಣದ ತಜ್ಞ ಮೈಕೆಲ್ ಎವರ್‌ಸನ್ ಹಾಗೂ ಜಾರ್ಜಿಯಾದ ತಂತ್ರಜ್ಞರು ಸೇರಿ, ಮುದ್ರಿತ ಪುಸ್ತಕ ಮತ್ತು ಪತ್ರಿಕೆಗಳ ಪುರಾವೆಗಳೊಂದಿಗೆ ಪ್ರಸ್ತಾವ ಸಲ್ಲಿಸಿದರು. ಜಾರ್ಜಿಯನ್ನರು ಬರೆಯುವಾಗ ಈ ಎರಡು ರೂಪಗಳ ನಡುವೆ ಪ್ರಜ್ಞಾಪೂರ್ವಕ ಆಯ್ಕೆ ಮಾಡುತ್ತಾರೆ, ಆ ಆಯ್ಕೆ ಸರಳ ಪಠ್ಯದಲ್ಲೂ ಉಳಿಯಬೇಕು ಎಂಬುದು ಅವರ ವಾದದ ತಿರುಳು. 2018ರ ಜೂನ್‌ನಲ್ಲಿ ಬಂದ ಯೂನಿಕೋಡ್ 11 ಆವೃತ್ತಿಯಲ್ಲಿ 46 ಮ್ತಾವ್ರುಲಿ ಅಕ್ಷರಗಳು ಸೇರ್ಪಡೆಯಾದವು. ‘ಆನ್’ಗೆ 7312 ಎಂಬ ನಾಲ್ಕನೆಯ ಸಂಖ್ಯೆ ಸಿಕ್ಕಿದ್ದು ಆಗಲೇ.

ಇದರೊಂದಿಗೆ ಅಪರೂಪದ ನಿಯಮವೊಂದೂ ಬಂತು. ಇಡೀ ಪದವನ್ನು ದೊಡ್ಡಕ್ಷರಕ್ಕೆ ಬದಲಿಸು ಎಂದು ಗಣಕಕ್ಕೆ ಹೇಳಿದರೆ 4304 ಎಂಬುದು 7312 ಆಗಬೇಕು. ಆದರೆ ಪದದ ಮೊದಲ ಅಕ್ಷರವನ್ನು ಮಾತ್ರ ದೊಡ್ಡದು ಮಾಡು ಎಂದರೆ 4304 ಹಾಗೆಯೇ ಉಳಿಯಬೇಕು. ಇಂಗ್ಲಿಷಿನ ರೂಢಿಯನ್ನು ಮನಸ್ಸಿನಲ್ಲಿಟ್ಟುಕೊಂಡು ತಂತ್ರಾಂಶ ಬರೆಯುವವರಿಗೆ ಈ ವ್ಯತ್ಯಾಸ ಹೊಳೆಯುವುದು ಕಷ್ಟ.

ಪರದೆಯ ಮೇಲೆ ಚೌಕಗಳು

ಹೊಸ ಸಂಖ್ಯೆ ದೊರೆತದ್ದು ಸಂತಸವನ್ನಷ್ಟೇ ತರಲಿಲ್ಲ. ಅನೇಕ ಜಾಲತಾಣಗಳು ಗುಂಡಿಗಳ ಮೇಲಿನ ಹಾಗೂ ಶೀರ್ಷಿಕೆಗಳ ಪದಗಳನ್ನು ತಾವಾಗಿಯೇ ದೊಡ್ಡಕ್ಷರಕ್ಕೆ ಬದಲಿಸುವಂತೆ ರೂಪುಗೊಂಡಿರುತ್ತವೆ. 2018ಕ್ಕೆ ಮುನ್ನ ಜಾರ್ಜಿಯನ್ ಪಠ್ಯಕ್ಕೆ ಇದರಿಂದ ಏನೂ ಆಗುತ್ತಿರಲಿಲ್ಲ, ಏಕೆಂದರೆ ಆ ಲಿಪಿಗೆ ದೊಡ್ಡಕ್ಷರವೇ ಇಲ್ಲವೆಂದು ತಂತ್ರಾಂಶ ತಿಳಿದಿತ್ತು. ತಂತ್ರಾಂಶ ಹೊಸ ಆವೃತ್ತಿಗೆ ಬದಲಾದ ಮೇಲೆ ಅದು ಹೊಸ ನಿಯಮದಂತೆ ಸಾಮಾನ್ಯ ಅಕ್ಷರಗಳನ್ನು ಮ್ತಾವ್ರುಲಿಗೆ ಪರಿವರ್ತಿಸತೊಡಗಿತು. ಆದರೆ ಬಳಕೆದಾರರ ಗಣಕ ಮತ್ತು ಫೋನುಗಳಲ್ಲಿದ್ದ ಫಾಂಟುಗಳು ಹಳೆಯವು. ಅವುಗಳಲ್ಲಿ 7312ಕ್ಕೆ ಆಕಾರವೇ ಇರಲಿಲ್ಲ. ನಿನ್ನೆಯವರೆಗೆ ಓದಲು ಬರುತ್ತಿದ್ದ ಪದಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣಿಸಿಕೊಂಡವು.

ಇಂಥ ಗುಂಡಿ ಬ್ಯಾಂಕಿನದೋ ಆಸ್ಪತ್ರೆಯದೋ ಆಗಿದ್ದರೆ ಏನಾಗುತ್ತದೆಂದು ಊಹಿಸಬಹುದು. ‘ಒಪ್ಪಿಗೆ’ ಮತ್ತು ‘ರದ್ದು’ ಎಂಬ ಎರಡು ಗುಂಡಿಗಳ ಮೇಲೂ ಬರೀ ಚೌಕಗಳಿದ್ದರೆ ಒತ್ತುವುದು ಯಾವುದನ್ನು? ಹೊಸ ಫಾಂಟುಗಳು ಹರಡಿದಂತೆ ತೊಂದರೆ ಕಡಿಮೆಯಾಗುತ್ತದಾದರೂ, ಹಳೆಯ ಉಪಕರಣ ಬಳಸುವವರಿಗೆ ಅದು ಕೊನೆಗೆ ತಲುಪುತ್ತದೆ.

ಶೋಧದಲ್ಲಿಯೂ ಸಮಸ್ಯೆಯಿದೆ. ಒಂದು ಅಕ್ಷರಕ್ಕೆ ನಾಲ್ಕು ಸಂಖ್ಯೆಗಳಾದಾಗ, ಒಂದನ್ನು ಹುಡುಕಿದರೆ ಉಳಿದವೂ ಸಿಗಬೇಕೆಂದು ತಂತ್ರಾಂಶಕ್ಕೆ ಬೇರೆಯಾಗಿ ತಿಳಿಸಬೇಕು. ಮ್ತಾವ್ರುಲಿ ಮತ್ತು ಮ್ಖೆದ್ರುಲಿ ದೊಡ್ಡ, ಸಣ್ಣ ಅಕ್ಷರಗಳ ಜೋಡಿಯಾದ್ದರಿಂದ ಅಲ್ಲಿ ಕೆಲಸ ಸುಲಭ. ನುಸ್ಖುರಿ ಮತ್ತು ಮ್ಖೆದ್ರುಲಿಗಳ ನಡುವೆ ಅಂಥ ಜೋಡಿಯಿಲ್ಲ. ಸಂತರೊಬ್ಬರ ಹೆಸರನ್ನು ಇಂದಿನ ಲಿಪಿಯಲ್ಲಿ ಟೈಪಿಸಿದವರಿಗೆ ನುಸ್ಖುರಿಯ ಪ್ರಾಚೀನ ಪಠ್ಯದಲ್ಲಿರುವ ಅದೇ ಹೆಸರು ಸಿಗಬೇಕಾದರೆ ತಂತ್ರಾಂಶ ರೂಪಿಸಿದವರು ಅದಕ್ಕಾಗಿ ಶ್ರಮಿಸಿರಬೇಕು. ಅಕ್ಷರಗಳನ್ನು ಒಟ್ಟುಗೂಡಿಸಿದರೆ ವ್ಯತ್ಯಾಸ ಅಳಿಯುತ್ತದೆ, ಬೇರ್ಪಡಿಸಿದರೆ ನಂಟು ಕಡಿಯುತ್ತದೆ. ಸಂಕೇತೀಕರಣದಲ್ಲಿ ನಷ್ಟವಿಲ್ಲದ ಆಯ್ಕೆ ಎಂಬುದಿಲ್ಲ.

ಕೈಬಿಟ್ಟ ಅಕ್ಷರಗಳಿಗೂ ಜಾಗ

ಇಂದಿನ 33 ಅಕ್ಷರಗಳು ಯೂನಿಕೋಡ್ ಪಟ್ಟಿಯಲ್ಲಿ 4304ರಿಂದ 4336ರವರೆಗೆ ಸಾಲಾಗಿವೆ. ಅವುಗಳ ಬೆನ್ನಿಗೇ 4337ರಿಂದ 4341ರವರೆಗೆ ಇನ್ನೂ ಐದು ಅಕ್ಷರಗಳಿವೆ. ಇವು 19ನೆಯ ಶತಮಾನದಲ್ಲಿ ಕೈಬಿಟ್ಟ ಅಕ್ಷರಗಳು. ಲೇಖಕ ಇಲಿಯಾ ಚಾವ್‌ಚಾವಾದ್ಜೆ ಮೊದಲಾದವರು 1879ರಲ್ಲಿ ಸ್ಥಾಪಿಸಿದ ಸಾಕ್ಷರತಾ ಪ್ರಸಾರ ಸಂಘವು, ಆಡುಮಾತಿನಲ್ಲಿ ಧ್ವನಿ ಕಳೆದುಕೊಂಡಿದ್ದ ಈ ಐದನ್ನು ವರ್ಣಮಾಲೆಯಿಂದ ತೆಗೆಯಿತು. ಮಕ್ಕಳಿಗೆ ಕಲಿಕೆ ಹಗುರವಾಯಿತು.

ಆ ಐದರಲ್ಲಿ ‘ಹರ್’ ಎಂಬುದೊಂದು. ಗಂಟಲಿನ ಆಳದಿಂದ ಹೊರಡುವ ಧ್ವನಿ ಅದರದು. ಹಳೆಯ ಜಾರ್ಜಿಯನ್‌ನಲ್ಲಿ ‘ಕೈ’ ಎಂಬ ಅರ್ಥದ ಪದ ಈ ಅಕ್ಷರದಿಂದ ಆರಂಭವಾಗುತ್ತಿತ್ತು. ಈಗ ಅದನ್ನು ‘ಖೆಲಿ’ ಎಂದು ಬೇರೆ ಅಕ್ಷರದಿಂದ ಬರೆಯುತ್ತಾರೆ. ಆದರೆ ಕಾಕಸಸ್ ಬೆಟ್ಟಗಳಲ್ಲಿ ಆಡುವ, ಜಾರ್ಜಿಯನ್‌ಗೆ ಬಂಧುವಾದ ಸ್ವಾನ್ ಭಾಷೆಯಲ್ಲಿ ಆ ಧ್ವನಿ ಇನ್ನೂ ಜೀವಂತವಾಗಿದೆ. ಜಾರ್ಜಿಯನ್ನರಿಗೆ ಬೇಡವಾದ ಅಕ್ಷರ ಸ್ವಾನ್ ನುಡಿಯನ್ನು ದಾಖಲಿಸುವವರಿಗೆ ಬೇಕೇ ಬೇಕು.

ಇದೇ ರೀತಿ 1938ರಿಂದ 1954ರವರೆಗೆ ಅಬ್ಖಾಜ್ ಭಾಷೆಯನ್ನೂ ದಕ್ಷಿಣ ಒಸ್ಸೆಟಿಯಾದ ಒಸ್ಸೆಟಿಕ್ ಭಾಷೆಯನ್ನೂ ಜಾರ್ಜಿಯನ್ ಲಿಪಿಯಲ್ಲಿ ಬರೆಯಲಾಗುತ್ತಿತ್ತು. ಅದಕ್ಕಾಗಿ ಕೆಲವು ಹೆಚ್ಚುವರಿ ಚಿಹ್ನೆಗಳು ಬಳಕೆಗೆ ಬಂದವು. ಬರೀ 16 ವರ್ಷ ಬಾಳಿದ ಆ ಬರವಣಿಗೆಯ ಚಿಹ್ನೆಗಳಿಗೂ 2012ರಲ್ಲಿ ಯೂನಿಕೋಡ್ 6.1 ಆವೃತ್ತಿ ಸಂಖ್ಯೆ ಕೊಟ್ಟಿತು. ಆ ಕಾಲದ ಪುಸ್ತಕಗಳನ್ನು ಇದ್ದಂತೆಯೇ ಗಣಕಕ್ಕೆ ಏರಿಸಲು ಬೇರೆ ದಾರಿಯಿಲ್ಲ.

ಕನ್ನಡದಲ್ಲಿ ಇದಕ್ಕೆ ನೇರ ಹೋಲಿಕೆಯಿದೆ. ಹಳಗನ್ನಡದ ‘ಱ’ ಮತ್ತು ‘ೞ’ ಅಕ್ಷರಗಳು ಇಂದಿನ ವರ್ಣಮಾಲೆಯಲ್ಲಿಲ್ಲ. ‘ೞ’ ಇದ್ದ ಕಡೆ ‘ಳ’ ಬರೆಯುತ್ತೇವೆ. ಆದರೆ ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ಎರಡನ್ನೂ ಒಂದೇ ಅಕ್ಷರದಿಂದ ಬರೆದರೆ ಪಂಪನ ಓದುಗ ಕತ್ತಿಯನ್ನೂ ಬದುಕನ್ನೂ ಸಂದರ್ಭ ನೋಡಿಯೇ ಬೇರ್ಪಡಿಸಬೇಕಾಗುತ್ತದೆ. ಯೂನಿಕೋಡ್‌ನಲ್ಲಿ ‘ಱ’ಗೆ 3249, ‘ೞ’ಗೆ 3294 ಎಂಬ ಸಂಖ್ಯೆಗಳಿರುವುದರಿಂದಲೇ ಹಳಗನ್ನಡ ಕಾವ್ಯಗಳನ್ನು ಮೂಲದ ಕಾಗುಣಿತದಲ್ಲಿ ಅಂತರಜಾಲಕ್ಕೆ ಏರಿಸಲು ಸಾಧ್ಯವಾಗಿದೆ.

ಒಮ್ಮೆ ಕೊಟ್ಟರೆ ಹಿಂಪಡೆಯುವಂತಿಲ್ಲ

ಯೂನಿಕೋಡ್‌ಗೆ ಕಟ್ಟುನಿಟ್ಟಾದ ನಿಯಮವೊಂದಿದೆ. ಒಮ್ಮೆ ನೀಡಿದ ಸಂಖ್ಯೆಯನ್ನು ಬದಲಿಸುವಂತಿಲ್ಲ, ಅಕ್ಷರವನ್ನು ಪಟ್ಟಿಯಿಂದ ತೆಗೆಯುವಂತಿಲ್ಲ, ಅದಕ್ಕಿಟ್ಟ ಅಧಿಕೃತ ಹೆಸರನ್ನೂ ತಿದ್ದುವಂತಿಲ್ಲ. ಕಾರಣ ಸ್ಪಷ್ಟ. ಇಂದು 4304 ಎಂದು ಬರೆದಿಟ್ಟ ಜನನ ಪ್ರಮಾಣಪತ್ರವನ್ನು ಐವತ್ತು ವರ್ಷಗಳ ಬಳಿಕ ತೆರೆದಾಗಲೂ ಅಲ್ಲಿ ‘ಆನ್’ ಅಕ್ಷರವೇ ಕಾಣಬೇಕು.

ಈ ನಿಯಮದ ಬಿಗಿಯನ್ನು ಅರಿಯಲು ಕನ್ನಡದ ‘ೞ’ ಅಕ್ಷರವನ್ನೇ ನೋಡಬಹುದು. ಯೂನಿಕೋಡ್‌ನ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫ’ ಎಂದಿದೆ. ಆರಂಭದಲ್ಲಿ ನುಸುಳಿದ ತಪ್ಪು ಅದು. ‘ೞ’ಗೂ ‘ಫ’ ಧ್ವನಿಗೂ ಯಾವ ಸಂಬಂಧವೂ ಇಲ್ಲ. ತಪ್ಪು ಗೊತ್ತಾದ ಮೇಲೂ ಹೆಸರನ್ನು ಬದಲಿಸಲು ಆಗಲಿಲ್ಲ. ಸರಿಯಾದ ಹೆಸರನ್ನು ತಿದ್ದುಪಡಿಯ ಪರ್ಯಾಯ ನಾಮವಾಗಿ ಸೇರಿಸಿ ಸುಮ್ಮನಾಗಬೇಕಾಯಿತು. ಸಂಖ್ಯೆ ಮಾತ್ರ ಸರಿಯಾಗಿಯೇ ಇರುವುದರಿಂದ ಬಳಕೆಗೆ ಅಡ್ಡಿಯಿಲ್ಲ.

ಹೀಗಾಗಿ ಯೂನಿಕೋಡ್‌ನ ತಜ್ಞರು ಹೊಸ ಅಕ್ಷರಕ್ಕೆ ಒಪ್ಪಿಗೆ ಕೊಡುವಾಗ ಅವಸರಪಡುವುದಿಲ್ಲ. ಪ್ರಸ್ತಾವ ಯಾರು ಬೇಕಾದರೂ ಸಲ್ಲಿಸಬಹುದು. ಆದರೆ ಅಕ್ಷರ ನಿಜವಾಗಿ ಬಳಕೆಯಲ್ಲಿದೆ ಅಥವಾ ಇತ್ತು ಎಂಬುದಕ್ಕೆ ಮುದ್ರಿತ ಪುಟ, ಹಸ್ತಪ್ರತಿ, ಶಾಸನಗಳ ಚಿತ್ರಗಳನ್ನು ಪುರಾವೆಯಾಗಿ ಒದಗಿಸಬೇಕು.

ಹಣದ ಚಿಹ್ನೆಗೆ ಮಾತ್ರ ಅವಸರ

ಎಲ್ಲ ಚಿಹ್ನೆಗಳೂ ಇಷ್ಟು ಕಾಯಬೇಕಾಗಿಲ್ಲ ಎಂಬುದಕ್ಕೆ ಜಾರ್ಜಿಯಾದಲ್ಲೇ ನಿದರ್ಶನವಿದೆ. ನಮ್ಮಲ್ಲಿ ಲಾರಿ ಎಂದರೆ ಸರಕು ಸಾಗಿಸುವ ವಾಹನ, ಅಲ್ಲಿ ಅದು ಕರೆನ್ಸಿಯ ಹೆಸರು. 2014ರ ಜುಲೈನಲ್ಲಿ ಜಾರ್ಜಿಯಾದ ರಾಷ್ಟ್ರೀಯ ಬ್ಯಾಂಕು ‘ಲಾಸ್’ ಎಂಬ ಮ್ಖೆದ್ರುಲಿ ಅಕ್ಷರವನ್ನು ಆಧರಿಸಿದ ಲಾರಿ ಚಿಹ್ನೆಯನ್ನು ಪ್ರಕಟಿಸಿತು. ಮರುವರ್ಷದ ಜೂನ್‌ನಲ್ಲೇ ಯೂನಿಕೋಡ್ 8 ಆವೃತ್ತಿಯಲ್ಲಿ ಅದಕ್ಕೆ 8382ನೇ ಸಂಖ್ಯೆ ದೊರೆಯಿತು. ಭಾರತದ ರೂಪಾಯಿ ಚಿಹ್ನೆಗೂ ಹೀಗೆಯೇ ಆಯಿತು. 2010ರ ಜುಲೈ 15ರಂದು ಕೇಂದ್ರ ಸರ್ಕಾರ ಚಿಹ್ನೆಯನ್ನು ಅಂಗೀಕರಿಸಿತು. ಅದೇ ಅಕ್ಟೋಬರ್‌ನಲ್ಲಿ 8377ನೇ ಸಂಖ್ಯೆ ಸಿಕ್ಕಿತು.

ಹೊಸದಾಗಿ ರಚಿಸಿದ ಹಣದ ಚಿಹ್ನೆಗೆ ಒಂದು ವರ್ಷವೂ ಬೇಕಾಗಲಿಲ್ಲ. ನಾಡಿನ ಪತ್ರಿಕೆಗಳ ಶೀರ್ಷಿಕೆಯಲ್ಲಿ ದಿನವೂ ಕಾಣುತ್ತಿದ್ದ ಅಕ್ಷರಗಳಿಗೆ 27 ವರ್ಷ ಬೇಕಾಯಿತು. ಕರೆನ್ಸಿಯ ಹಿಂದೆ ಸರ್ಕಾರದ ಅಧಿಕೃತ ಆದೇಶವಿರುತ್ತದೆ, ವ್ಯಾಪಾರದ ತುರ್ತಿರುತ್ತದೆ. ಅಕ್ಷರದ ಪರವಾಗಿ ಯಾರಾದರೂ ಹಳೆಯ ಪುಟಗಳನ್ನು ಹುಡುಕಿ, ಚಿತ್ರ ತೆಗೆದು, ವಾದ ಮಂಡಿಸಬೇಕು. ಆ ಕೆಲಸ ಮಾಡುವವರು ಮುಂದೆ ಬರುವವರೆಗೆ ಅಕ್ಷರ ಕಾಯುತ್ತದೆ.

ಕನ್ನಡದಲ್ಲಿಯೂ ಇಂಥ ಕೆಲಸ ನಡೆದಿದೆ. ಹಳೆಯ ಕನ್ನಡ ಬರಹಗಳಲ್ಲಿ ಸ್ವರವಿಲ್ಲದ ‘ನ’ಕಾರವನ್ನು ಸೂಚಿಸುತ್ತಿದ್ದ ‘ನಕಾರ ಪೊಲ್ಲು’ ಎಂಬ ಚಿಹ್ನೆಗೆ 2021ರಲ್ಲಿ ಯೂನಿಕೋಡ್ 14 ಆವೃತ್ತಿ ಸ್ಥಾನ ಕೊಟ್ಟಿತು. ಅದರ ಸಂಖ್ಯೆ 3293, ‘ೞ’ ಅಕ್ಷರದ ಪಕ್ಕದ ಮನೆ. ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿದ್ದರೂ ಈ ಒಂದು ಚಿಹ್ನೆ 30 ವರ್ಷ ಹೊರಗೇ ಉಳಿದಿತ್ತು. ಶಾಸನಗಳಲ್ಲಿ, ತಾಳೆಗರಿಗಳಲ್ಲಿ, 19ನೆಯ ಶತಮಾನದ ಮುದ್ರಣಗಳಲ್ಲಿ ಇನ್ನಾವ ರೂಪಗಳು ಬಾಕಿಯಿವೆ ಎಂಬುದನ್ನು ಗುರುತಿಸಬಲ್ಲವರು ಆ ಬರಹಗಳನ್ನು ಓದಬಲ್ಲ ವಿದ್ವಾಂಸರೇ ಹೊರತು ಗಣಕ ತಜ್ಞರಲ್ಲ.

‘ಆನ್’ ಅಕ್ಷರದ ನಾಲ್ಕು ಸಂಖ್ಯೆಗಳು ಇದನ್ನೇ ಹೇಳುತ್ತವೆ. 4256 ಕಲ್ಲಿನ ಶಾಸನಕ್ಕೆ, 11520 ಧರ್ಮಗ್ರಂಥದ ಹಸ್ತಪ್ರತಿಗೆ, 4304 ಇಂದಿನ ಶಾಲೆಯ ಪಾಠಕ್ಕೆ, 7312 ಪತ್ರಿಕೆಯ ಶೀರ್ಷಿಕೆಗೆ. ತನ್ನ ಬರವಣಿಗೆಯಲ್ಲಿ ಯಾವ ವ್ಯತ್ಯಾಸ ಮುಖ್ಯ, ಯಾವುದು ಅಲ್ಲ ಎಂಬುದನ್ನು ಭಾಷೆಯಾಡುವ ಜನರೇ ಪುರಾವೆಯೊಂದಿಗೆ ಹೇಳಬೇಕು. ಅವರು ಹೇಳದಿದ್ದರೆ ಆ ತೀರ್ಮಾನವನ್ನು ಬೇರೆಯವರು ಮಾಡುತ್ತಾರೆ, ಮತ್ತು ಒಮ್ಮೆ ಮಾಡಿದ ಮೇಲೆ ಅದು ಬಹುಮಟ್ಟಿಗೆ ಶಾಶ್ವತ.